ಯೂನಿಟ್ಟಿನ ಕಾಲಂ

ಎಜೆಂಟ ಫಕ್ಕೀರೇಶ ಮದಲ ಹೇಳಿಟ್ಟಿದ್ದ:
“ಅಕ್ಕಾರ, ಗ್ರಾನೈಟ ಇಲ್ಲ, ಕಾರ್ ನಿಲ್ಲಾಕ ಜಾಗಾ ಇಲ್ಲ,
ಬೆಟಗೇರಿ ಓಣಿ, ಒಂದ ಎತ್ತಿನ ಅಗಲ.
ಮೂರು ಪಾಲು, ಮಾರದ ಹರಿಯೂದಿಲ್ಲ.
ಏನರ ಛಲೋದು ಇದ್ರ ನೀವ ತೋರಸ್ರಿ.”

ಅದಕ್ಕ ನಾನು ಬಿಸ್ಕೀಟಿನ ಡಬ್ಬಿ ತಗದೆ.
ಹದಿನಾರು ವರ್ಷದ ಲೈಟ್ ಬಿಲ್ಲು,
ಮಗ್ಗದ ದಾರದಾಗ ವರ್ಷಕ್ಕೊಂದು ಕಟ್ಟು.
ಕೆಲವು ಮಾಸ್ಯಾವ, ಅಕ್ಷರ ಹಾರಿ ಬರೇ ಹಾಳಿ ಉಳದಾವ;
ಅವುಗಳ ಬೆನ್ನಿಗೆ ನಾನ ಪೆನ್ನಿಲೆ ಬರದೇನಿ:
ಇಪ್ಪತ್ತೆಂಟು. ಮೂವತ್ತೊಂದು. ಇಪ್ಪತ್ತಾರು.

ಬ್ಯಾಂಕಿನ ಕ್ಯಾಷಿಯರ್, ರೊಕ್ಕಾ ಎಣಿಸಿದ ಕೈ,
ಬೆರಳಿಗೆ ಉಗುಳು ಹಚ್ಚಿ ಒಂದೊಂದ ತಿರುವಿದರು.
ನಕ್ಕರು. “ಈಗ ಎಲ್ಲಾರ ಬಿಲ್ಲೂ ಸೊನ್ನೀನ ಅಲ್ಲೇನ್ರಿ?
ಸರಕಾರ ತುಂಬತೈತಿ. ನೀವು ಉಳಿಸಿದ್ದರ ಏನು?”

ಸೊನ್ನಿ ಒಳಗ ಎರಡು ಜಾತಿ ಅದಾವ್ರಿ ಸಾಹೇಬ್ರ.
ಒಂದು ಯಾರೋ ಕೊಟ್ಟದ್ದು, ಕೊಟ್ಟವರು ಕಸಗೊಂಡಾರು.
ಇನ್ನೊಂದು ಗ್ವಾಡಿ ಕೊಟ್ಟದ್ದು.
ರೂಪಾಯಿ ಕಾಲಂ ಬಿಡ್ರಿ,
ಯೂನಿಟ್ಟಿನ ಕಾಲಂ ನೋಡ್ರಿ.

ಬರ್ರಿ. ಗ್ವಾಡಿ ಒಂದೂವರಿ ಮೊಳ,
ನಿಮ್ಮ ಕೈಲೆ ಮೊಳಾ ಹಾಕಿ ನೋಡ್ರಿ.
ಮ್ಯಾಲ ಜಂತಿ, ಜಂತಿ ಮ್ಯಾಲ ಕರ್ಲ ಮಣ್ಣು;
ಮಳಿಗಿಂತ ಮದ್ಲ ವರ್ಷಾ ಒಂದ ಬಂಡಿ ಹಾಕಬೇಕು,
ಸುಳ್ಳ ಹೇಳೂದಿಲ್ಲ, ಬಿಟ್ರ ಸೋರತೈತಿ.
ಮಾಳಗಿ ಮ್ಯಾಲ ಆ ಹಂಡೆ, ಕರೇ ಬಣ್ಣ ನಾನ ಬಳದದ್ದು;
ಹನ್ನೆರಡಕ್ಕ ಕೈ ಇಡಬ್ಯಾಡ್ರಿ, ಸುಡತೈತಿ.

ಇಲ್ಲಿ ಮಗ್ಗದ ಕುಣಿ ಇತ್ತು. ಈಗ ಮುಚ್ಚೇವಿ.
ದಾರದ ಬಣ್ಣ ತಪ್ಪಬಾರದಂತ ನಮ್ಮ ಮಾವ
ಆರು ತಿಂಗಳು ಬಿಸಲಿನ ಹಾದಿ ನೋಡಿ
ಈ ಬೆಳಕಿಂಡಿ ಇಡಿಸಿದರು.
ಕುಣಿ ಹೋತು. ಪಟ್ಟೇದ ಅಂಚಿನ ಸೀರಿ ಹೋದುವು. ಮಾವನೂ ಹೋದರು.
ಬೆಳಕಿಗೆ ಆ ಸುದ್ದಿ ಯಾರೂ ಮುಟ್ಟಿಸಿಲ್ಲ.
ಹನ್ನೊಂದಕ್ಕ ಸರೀ ಬಂದು ಅದೇ ಜಾಗಾದಾಗ ಕುಂಡರತೈತಿ.
ಅದರ ಮುಂದ ಕುಂತು ನಾನು ಜೋಳಾ ಹಸನ ಮಾಡತೇನಿ,
ಕಲ್ಲು ಕಲ್ಲಾಗೇ ಕಾಣತೈತಿ.

ಇದು ತೆಂಕಣ ಕಿಡಕಿ.
ಕಪ್ಪತಗುಡ್ಡದ ಮ್ಯಾಲ ಗಾಳಿಕಂಬ ಅದಾವಲ್ಲ,
ತಿರಗಿ ತಿರಗಿ ಕರೆಂಟ ಮಾಡತಾವಲ್ಲ,
ಅಲ್ಲಿ ದುಡದು ಉಳದ ಗಾಳಿ ಇಲ್ಲಿ ಬರತೈತಿ,
ಮೀಟರ್ ಇಲ್ಲದ.

ಕ್ಯಾಷಿಯರ್ ಬೆರಳು ಒಂದು ಹಾಳಿ ಮ್ಯಾಲ ನಿಂತಿತು.
“ಇದೇನ್ರಿ? ತೊಂಬತ್ನಾಲ್ಕು?
ಎಲ್ಲಾ ಬಿಟ್ಟು ಥಂಡಿ ದಿನದಾಗ?”
ಫಕ್ಕೀರೇಶ ಮಾರಿ ಸಣ್ಣ ಮಾಡಿದ;
ಹರದು ಒಗೀಬೇಕಿತ್ತು ಅಂತ ಅವನ ಕಣ್ಣು.

ಆ ತಿಂಗಳು ನಮ್ಮ ನಾದಿನಿ ದಾಕ್ಷಾಯಣಿ
ಎಂಟ ತಿಂಗಳಿಗೇ ಹಡದಳು. ಅಂಗೈ ಅಷ್ಟ ಕೂಸು.
ದವಾಖಾನಿಯಿಂದ ಕಳಿಸಿಕೊಟ್ಟರೂ ಮೈ ಬೆಚ್ಚಗ ನಿಲ್ಲವಲ್ದು.
ತೊಟ್ಟಲ ಮ್ಯಾಲ ನೂರರ ಬಲ್ಬು,
ಇಪ್ಪತ್ತೆಂಟು ದಿನ, ಹಗಲೂ ರಾತ್ರಿ.
ತಂಪ ಹಿಡಿಯೂ ಮನಿ ಇದು, ಆವಾಗ ಅದ ತಪ್ಪಾತು.
ಮೂರು ಮಂದಿ ಪಾಳಿ ಹಚ್ಚಿ ಕಾದಿವಿ,
ಬಲ್ಬು ಹೋದೀತು ಅಂತ
ಉಡಿಯಾಗ ಇನ್ನೊಂದು ಬಲ್ಬು ಇಟಗೊಂಡು.
ಹೆಚ್ಚಿಗಿ ಸುಟ್ಟ ಅರವತ್ತಾರು ಯೂನಿಟ್ಟು
ಈಗ ಲಕ್ಕುಂಡಿಯಾಗ ನಾಕನೇ ಇಯತ್ತೆ ಓದತಾವ.
ಮಗ್ಗಿ ಒಂದ ಬರೂದಿಲ್ಲ.

ಕ್ಯಾಷಿಯರ್ ಏನೂ ಅನ್ನಲಿಲ್ಲ. ಹಾಳಿ ತಿರಗಿ ಮಡಚಿ
ಅದೇ ಕಟ್ಟಿನ್ಯಾಗ, ಅದೇ ಮಡಿಕ್ಯಾಗ ಇಟ್ಟರು.
ಅವರ ಹೆಂಡತಿ ಅಷ್ಟೊತ್ತಿಗೆ ಚಪ್ಪಲಿ ಬಿಟ್ಟು,
ಕುಣಿ ಮುಚ್ಚಿದ ನೆಲದ ಮ್ಯಾಲ
ಗ್ವಾಡಿಗೆ ಬೆನ್ನು ಕೊಟ್ಟು ಕುಂತಬಿಟ್ಟಿದ್ದರು.
ಹೊರಗ ಮೇ ತಿಂಗಳು. ಎರಡು ಗಂಟೆ.
ಓಣ್ಯಾಗ ನಾಯಿ ಸೈತ ಇರಲಿಲ್ಲ.

“ಫ್ಯಾನ್ ಹಚ್ಚಲೇನ್ರಿ?” ಅಂದೆ.
ಯಾರೂ ಹೂಂ ಅನ್ನಲಿಲ್ಲ.